ಗರಿಗರಿ ವಡೆಯ ನೀರಿನ ಲೆಕ್ಕ

ಬಾಣಲೆಯಿಂದ ಆಗಷ್ಟೇ ತೆಗೆದ ಮಸಾಲೆ ವಡೆಯನ್ನು ಮುರಿದರೆ 'ಕರಕ್' ಎಂಬ ಸದ್ದು ಕೇಳುತ್ತದೆ. ಅದೇ ವಡೆಯನ್ನು ಬಿಸಿಯಾಗಿರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಒಂದು ಗಂಟೆ ಬಿಟ್ಟು ಮುರಿಯಿರಿ. ಸದ್ದಿಲ್ಲ. ವಡೆ ಬಾಗುತ್ತದೆ, ಹರಿಯುತ್ತದೆ, ಆದರೆ ಮುರಿಯುವುದಿಲ್ಲ. ಬೇಳೆ ಅದೇ, ಎಣ್ಣೆ ಅದೇ, ಉಪ್ಪು ಖಾರವೂ ಅವೇ. ಹಾಗಾದರೆ ಬದಲಾದದ್ದೇನು? ನೀರು ಇರುವ ಜಾಗ, ಅಷ್ಟೆ. ವಡೆಯ ಒಳಗಿದ್ದ ಒಂದಿಷ್ಟು ನೀರು ಹೊರಪದರಕ್ಕೆ ಬಂದು ಸೇರಿದೆ.

ಕರಿದ ತಿಂಡಿಯ ಗರಿಗರಿತನವು ಬಹುಮಟ್ಟಿಗೆ ನೀರಿನ ಲೆಕ್ಕ. ನೀರು ಎಷ್ಟು ಒಳಗೆ ಬಂತು, ಯಾವ ದಾರಿಯಲ್ಲಿ ಹೊರಹೋಯಿತು, ಮತ್ತೆ ಯಾವಾಗ ಹಿಂತಿರುಗಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದರೆ ವಡೆ ಏಕೆ ಒಡೆಯುತ್ತದೆ, ಏಕೆ ಎಣ್ಣೆ ಕುಡಿಯುತ್ತದೆ, ಏಕೆ ಮೆತ್ತಗಾಗುತ್ತದೆ ಎಂಬುದೆಲ್ಲ ತಿಳಿಯುತ್ತದೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದೆ ಕೆರೆ ಮತ್ತು ಕೊಳವೆಬಾವಿಗಳನ್ನೇ ನೆಚ್ಚಿರುವ ಕೋಲಾರ ಜಿಲ್ಲೆಯ ಓದುಗರಿಗೆ ನೀರಿನ ಲೆಕ್ಕ ಹೊಸದೇನಲ್ಲ. ಈ ಸಲ ಆ ಲೆಕ್ಕವನ್ನು ಬಾಣಲೆಯಲ್ಲಿ ಮಾಡಿ ನೋಡೋಣ.

ಅಂಬೊಡೆಯ ದೂರದ ನೆಂಟ

ನಮ್ಮ ಅಂಬೊಡೆ ಅಥವಾ ಮಸಾಲೆ ವಡೆಗೆ ಪಶ್ಚಿಮ ಏಷ್ಯದಲ್ಲಿ ಒಬ್ಬ ನೆಂಟನಿದ್ದಾನೆ. ಅದರ ಹೆಸರು ಫಲಾಫೆಲ್. ಸಿರಿಯಾ, ಲೆಬನಾನ್, ಪ್ಯಾಲೆಸ್ಟೈನ್ ಮೊದಲಾದ ಕಡೆ ಇದನ್ನು ಕಾಬೂಲಿ ಕಡಲೆಯಿಂದ ಮಾಡುತ್ತಾರೆ. ಈಜಿಪ್ಟಿನಲ್ಲಿ ಫಾವಾ ಎಂಬ ದೊಡ್ಡ ಕಾಳಿನಿಂದ ಮಾಡಿ ತಾಮಿಯಾ ಎನ್ನುತ್ತಾರೆ. ಕಾಳನ್ನು ನೆನೆಸಿ, ಬೇಯಿಸದೆ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಜೀರಿಗೆಯೊಂದಿಗೆ ತರಿತರಿಯಾಗಿ ರುಬ್ಬಿ, ಉಂಡೆ ಅಥವಾ ಬಿಲ್ಲೆ ಮಾಡಿ ಕರಿಯುವುದು ಇದರ ಕ್ರಮ. ಕಡಲೆಬೇಳೆ ನೆನೆಸಿ, ನೀರು ಬಸಿದು, ತರಿತರಿಯಾಗಿ ರುಬ್ಬಿ ಅಂಬೊಡೆ ತಟ್ಟುವವರಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದ್ದು ಹೆಚ್ಚಿಲ್ಲ. ಬೇಳೆಯೂ ಕಾಬೂಲಿಯೂ ಒಂದೇ ಕಡಲೆ ಗಿಡದ ಎರಡು ತಳಿಗಳಿಂದ ಬಂದವು. ಬೆಂಗಳೂರಿನ ಹೋಟೆಲುಗಳಲ್ಲಿ ಫಲಾಫೆಲ್ ಈಗ ಸಾಮಾನ್ಯ. ಮನೆಯಲ್ಲಿ ಮಾಡಲು ಬೇಕಾದ ಸಾಮಾನುಗಳೆಲ್ಲ ಮಾಲೂರಿನ ದಿನಸಿ ಅಂಗಡಿಯಲ್ಲೇ ಸಿಗುತ್ತವೆ.

ಸುಮಾರು 20 ಬಿಲ್ಲೆಗಳಿಗೆ ಅಳತೆ ಹೀಗಿದೆ: ಕಾಬೂಲಿ ಕಡಲೆ 250 ಗ್ರಾಂ, ದೊಡ್ಡ ಈರುಳ್ಳಿ 1, ಬೆಳ್ಳುಳ್ಳಿ 5 ಎಸಳು, ಹಸಿಮೆಣಸಿನಕಾಯಿ 3, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಜೀರಿಗೆ ಮತ್ತು ಕೊತ್ತಂಬರಿ ಬೀಜ ಒಂದೊಂದು ಚಮಚ, ರುಚಿಗೆ ಉಪ್ಪು. ಕಾಬೂಲಿ ಕಡಲೆಯ ಬದಲು ಕಡಲೆಬೇಳೆಯನ್ನು ಬಳಸಿದರೆ ಅದೇ ನಮ್ಮ ಅಂಬೊಡೆ. ಮುಂದೆ ಹೇಳುವ ಭೌತವಿಜ್ಞಾನ ಎರಡಕ್ಕೂ ಒಂದೇ.

ನೆನೆಸಬೇಕು, ಬೇಯಿಸಬಾರದು

ಒಣ ಕಡಲೆಯಲ್ಲಿ ತೂಕದ ಶೇಕಡ 10ರಷ್ಟು ಮಾತ್ರ ನೀರಿರುತ್ತದೆ. ರಾತ್ರಿಯಿಡೀ, ಅಂದರೆ 10ರಿಂದ 12 ಗಂಟೆ ನೆನೆಸಿದಾಗ ಕಾಬೂಲಿ ಕಡಲೆಯ ತೂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. 250 ಗ್ರಾಂ ಕಾಳು ಸುಮಾರು 500 ಗ್ರಾಂ ಆಗುತ್ತದೆ. ಸಿಪ್ಪೆ ತೆಗೆದು ಒಡೆದ ಕಡಲೆಬೇಳೆಯಲ್ಲಿ ನೀರು ಒಳಸಾಗಬೇಕಾದ ದೂರ ಕಡಿಮೆ. ಆದ್ದರಿಂದ ಅದಕ್ಕೆ ಎರಡು ಮೂರು ಗಂಟೆ ಸಾಕು.

ಬೇಯಿಸಿದ ಕಡಲೆಯಿಂದ ಫಲಾಫೆಲ್ ಮಾಡಿದರೆ ಕೆಲಸ ಬೇಗ ಮುಗಿಯುವುದಿಲ್ಲವೇ? ಮಾಡಿ ನೋಡಿದವರಿಗೆ ಗೊತ್ತು, ಅದು ಎಣ್ಣೆಯಲ್ಲಿ ಕರಗಿದಂತೆ ಚದುರಿಹೋಗುತ್ತದೆ. ಕಾರಣ ಪಿಷ್ಟದಲ್ಲಿದೆ. ಕಾಳಿನೊಳಗೆ ಪಿಷ್ಟವು ಸಣ್ಣ ಸಣ್ಣ ಗಟ್ಟಿ ಕಣಗಳ ರೂಪದಲ್ಲಿರುತ್ತದೆ. ತಣ್ಣೀರಿನಲ್ಲಿ ಈ ಕಣಗಳು ಸ್ವಲ್ಪ ಮಾತ್ರ ಉಬ್ಬುತ್ತವೆ. ತಾಪ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ತಲಪಿದಾಗ ಕಣಗಳ ಒಳರಚನೆ ಸಡಿಲಗೊಂಡು, ನೀರನ್ನು ಹೀರಿ, ಅಂಟಾದ ಗಂಜಿಯಾಗುತ್ತದೆ. ಗಂಜಿ ಕಾಸಿದವರೆಲ್ಲ ಈ ಬದಲಾವಣೆಯನ್ನು ಕಂಡಿದ್ದಾರೆ. ಬೇಯಿಸಿದ ಕಡಲೆಯಲ್ಲಿ ಈ ಕೆಲಸ ಮೊದಲೇ ಮುಗಿದಿರುತ್ತದೆ, ಕಾಳು ಬೇಕಾದ್ದಕ್ಕಿಂತ ಹೆಚ್ಚು ನೀರನ್ನೂ ಹಿಡಿದಿರುತ್ತದೆ. ಬಾಣಲೆಗೆ ಬಿದ್ದ ಮೇಲೆ ತರಿಗಳನ್ನು ಒಂದಕ್ಕೊಂದು ಹಿಡಿದಿಡಲು ಹೊಸ ಅಂಟು ಉಳಿದಿರುವುದಿಲ್ಲ. ನೆನೆಸಿದ ಹಸಿ ಕಾಳಿನಲ್ಲಿ ಹಾಗಲ್ಲ. ಪಿಷ್ಟ ಗಂಜಿಯಾಗುವುದೂ ಪ್ರೋಟೀನು ಗಟ್ಟಿಯಾಗುವುದೂ ಎಣ್ಣೆಯಲ್ಲೇ, ವಡೆಯ ಆಕಾರದಲ್ಲೇ ನಡೆಯುತ್ತದೆ. ಆಕಾರ ಉಳಿಯುವುದು ಆದ್ದರಿಂದಲೇ.

ಇಲ್ಲಿ ಗಡಸು ನೀರಿನ ಸಂಗತಿಯನ್ನೂ ಹೇಳಬೇಕು. ಕೋಲಾರ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಬೇಳೆ ಬೇಗ ಬೇಯುವುದಿಲ್ಲ ಎಂಬುದು ಮನೆಮನೆಯ ದೂರು. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತು ನೀರಿನ ಕ್ಯಾಲ್ಸಿಯಂನೊಡನೆ ಸೇರಿ ಬಿಗಿಯಾಗುವುದೇ ಇದಕ್ಕೆ ಕಾರಣ. ಸಾರಿಗೆ ಇದು ತೊಂದರೆ. ವಡೆಗೆ ಅಷ್ಟಾಗಿ ಅಲ್ಲ, ಏಕೆಂದರೆ ಇಲ್ಲಿ ಕಾಳನ್ನು ಕುದಿಸಿ ಮೆದುವಾಗಿಸುವ ಪ್ರಶ್ನೆಯೇ ಇಲ್ಲ. ಜೀವಕೋಶಗಳನ್ನು ಬಿಡಿಸುವ ಕೆಲಸವನ್ನು ರುಬ್ಬುವ ಕಲ್ಲು ಅಥವಾ ಮಿಕ್ಸಿ ಮಾಡುತ್ತದೆ.

ಒಂದು ಎಚ್ಚರಿಕೆ. ಕಡಲೆಗೆ ಹೊಂದುವ ಈ ಕ್ರಮ ಎಲ್ಲ ಕಾಳಿಗೂ ಹೊಂದುವುದಿಲ್ಲ. ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷಪ್ರೋಟೀನು ಹೆಚ್ಚಾಗಿರುತ್ತದೆ. ಅದನ್ನು ನಾಶಮಾಡಲು ಕಾಳನ್ನು ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಬೇಕು. ವಡೆಯ ಒಳಭಾಗವು ಅಷ್ಟು ಹೊತ್ತು ಅಷ್ಟು ಬಿಸಿಯಾಗಿರುವುದಿಲ್ಲ. ಹಸಿ ರಾಜ್ಮಾ ರುಬ್ಬಿ ವಡೆ ಮಾಡಿದರೆ ತೀವ್ರ ವಾಂತಿಭೇದಿಯಾಗಬಹುದು.

ಮಾಲೂರಿನ ಹೆಂಚು ಕಲಿಸುವ ಪಾಠ

ಮಾಲೂರು ಹೆಂಚು ಮತ್ತು ಇಟ್ಟಿಗೆಗೆ ಹೆಸರಾದ ಊರು. ಅಚ್ಚಿನಿಂದ ತೆಗೆದ ಹಸಿ ಹೆಂಚನ್ನು ನೇರವಾಗಿ ಗೂಡಿಗೆ ಹಾಕುವುದಿಲ್ಲ. ಮೊದಲು ನೆರಳಿನಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ತೇವ ಉಳಿದ ಹೆಂಚು ಗೂಡಿನಲ್ಲಿ ಬಿಸಿಯಾದರೆ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಹೆಂಚನ್ನೇ ಸೀಳುತ್ತದೆ. ಒಂದು ಗ್ರಾಂ ನೀರು ಆವಿಯಾದಾಗ ಅದರ ಗಾತ್ರ ಸುಮಾರು 1700 ಪಟ್ಟು ಹೆಚ್ಚುತ್ತದೆ ಎಂಬುದನ್ನು ನೆನೆದರೆ ಈ ಬಲದ ಅಂದಾಜು ಸಿಗುತ್ತದೆ.

ವಡೆಯನ್ನು ನೆರಳಿನಲ್ಲಿ ಒಣಗಿಸಲಾಗದು. ಅದಕ್ಕೆ ಬೇರೆ ಉಪಾಯ ಬೇಕು. ಆವಿ ಹೊರಬರುವ ದಾರಿಗಳನ್ನು ಮೊದಲೇ ಮಾಡಿಡುವುದೇ ಆ ಉಪಾಯ. ತರಿತರಿಯಾಗಿ ರುಬ್ಬುವುದರ ಅರ್ಥ ಇದು. ರವೆಯಷ್ಟು ಮತ್ತು ಅದಕ್ಕಿಂತ ತುಸು ದೊಡ್ಡ ತರಿಗಳ ನಡುವೆ ಸಣ್ಣ ಸಂದುಗಳು ಉಳಿಯುತ್ತವೆ, ಆವಿ ಅವುಗಳ ಮೂಲಕ ನುಸುಳಿ ಹೊರಗೆ ಬರುತ್ತದೆ. ನೀರು ಹಾಕಿ ನುಣ್ಣಗೆ ರುಬ್ಬಿದರೆ ಸಂದುಗಳು ಮುಚ್ಚುತ್ತವೆ. ವಡೆ ಒಂದೋ ಒಡೆದು ಸಿಡಿಯುತ್ತದೆ, ಇಲ್ಲವೇ ಒಳಗೆ ಹಸಿಹಿಟ್ಟಾಗಿ ಉಳಿಯುತ್ತದೆ. ಅವರೆಕಾಯಿಯ ಕಾಲದಲ್ಲಿ ಹಿತುಕಿದ ಬೇಳೆಯನ್ನು ಕರಿಯುವವರು ಸಿಪ್ಪೆಯುಳಿದ ಕಾಳೊಂದು ಎಣ್ಣೆಗೆ ಬಿದ್ದರೆ 'ಟಪ್' ಎಂದು ಸಿಡಿಯುವುದನ್ನು ಕಂಡಿರುತ್ತಾರೆ. ಅಲ್ಲೂ ಸಂಗತಿ ಇದೇ. ಸಿಪ್ಪೆಯು ಆವಿಯ ದಾರಿಯನ್ನು ಕಟ್ಟಿರುತ್ತದೆ.

ಆದ್ದರಿಂದ ಮೂರು ನಿಯಮಗಳು. ಒಂದು, ನೆನೆದ ಕಾಳನ್ನು ಜರಡಿಯಲ್ಲಿ ಬಸಿದು, ಬಟ್ಟೆಯ ಮೇಲೆ ಹರಡಿ ಮೇಲ್ಮೈ ನೀರನ್ನು ಒರೆಸಬೇಕು. ಎರಡು, ರುಬ್ಬುವಾಗ ನೀರು ಸೇರಿಸಬಾರದು. ಮೂರು, ಉಪ್ಪನ್ನು ಕೊನೆಗೆ, ತಟ್ಟುವ ಮುಂಚೆ ಹಾಕಬೇಕು. ಉಪ್ಪು ಅಭಿಸರಣದ ಮೂಲಕ ಈರುಳ್ಳಿಯ ಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ. ಉಪ್ಪು ಬೆರೆಸಿದ ಹಿಟ್ಟು ಅರ್ಧ ಗಂಟೆಯಲ್ಲಿ ನೀರುಬಿಟ್ಟು ಸಡಿಲವಾಗುವುದು ಇದರಿಂದಲೇ.

ಬಿಲ್ಲೆಯ ದಪ್ಪಕ್ಕೂ ಲೆಕ್ಕವಿದೆ. ಉಷ್ಣವು ವಹನದಿಂದ ನಡುಭಾಗ ತಲಪಲು ಬೇಕಾದ ಕಾಲವು ದಪ್ಪದ ವರ್ಗಕ್ಕೆ ಅನುಪಾತವಾಗಿರುತ್ತದೆ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ದಪ್ಪದ ಬಿಲ್ಲೆ ನಾಲ್ಕು ನಿಮಿಷದಲ್ಲಿ ಬೆಂದರೆ ಅದರ ಎರಡರಷ್ಟು ದಪ್ಪದ್ದಕ್ಕೆ ಹದಿನಾರು ನಿಮಿಷ ಬೇಕಾದೀತು. ಅಷ್ಟರೊಳಗೆ ಹೊರಭಾಗ ಕರಿಕಲಾಗಿರುತ್ತದೆ. ಅಂಗೈಯಲ್ಲಿ ತೆಳ್ಳಗೆ ತಟ್ಟುವ ನಮ್ಮ ಕ್ರಮದಲ್ಲಿ ಇನ್ನೊಂದು ಲಾಭವೂ ಇದೆ. ಅದೇ ತೂಕದ ಉಂಡೆಗಿಂತ ಬಿಲ್ಲೆಗೆ ಮೇಲ್ಮೈ ಹೆಚ್ಚು, ಹಾಗಾಗಿ ಗರಿಗರಿ ಭಾಗವೂ ಹೆಚ್ಚು.

ಎಣ್ಣೆಯೊಳಗೆ ನಡೆಯುವುದೇನು?

ಕರಿಯಲು ಎಣ್ಣೆಯ ತಾಪ ಸುಮಾರು 170ರಿಂದ 180 ಡಿಗ್ರಿ ಇರಬೇಕು. ಚಿಟಿಕೆ ಹಿಟ್ಟು ಹಾಕಿದರೆ ಅದು ಮೊದಲು ಮುಳುಗಿ, ಎರಡು ಮೂರು ಸೆಕೆಂಡಿನಲ್ಲಿ ಗುಳ್ಳೆಗಳೊಡನೆ ಮೇಲೆ ಬರಬೇಕು. ಈ ಹಳೆಯ ಪರೀಕ್ಷೆಯಲ್ಲಿ ಆರ್ಕಿಮಿಡೀಸನ ತತ್ವವಿದೆ. ಹಸಿಹಿಟ್ಟಿನ ಸಾಂದ್ರತೆ ನೀರಿಗಿಂತ ಸ್ವಲ್ಪ ಹೆಚ್ಚು. ಬಿಸಿ ಎಣ್ಣೆಯ ಸಾಂದ್ರತೆಯಾದರೋ ಪ್ರತಿ ಘನ ಸೆಂಟಿಮೀಟರಿಗೆ 0.82 ಗ್ರಾಂ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಹಿಟ್ಟು ಮುಳುಗುತ್ತದೆ. ಆವಿಯ ಗುಳ್ಳೆಗಳು ಅದಕ್ಕಂಟಿ, ಒಳಗೂ ಟೊಳ್ಳುಗಳಾದಾಗ ಮೇಲೇಳುತ್ತದೆ. ಏಳಲು ತಡವಾದರೆ ಎಣ್ಣೆ ಸಾಕಷ್ಟು ಕಾದಿಲ್ಲ ಎಂದರ್ಥ.

ವಡೆ ಎಣ್ಣೆಗೆ ಬಿದ್ದೊಡನೆ ಮೇಲ್ಮೈಯ ನೀರು ಕುದಿಯುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವೆಲ್ಲ ಸಮುದ್ರ ಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿವೆ. ವಾಯುಒತ್ತಡ ಕಡಿಮೆಯಿರುವುದರಿಂದ ಇಲ್ಲಿ ನೀರಿನ ಕುದಿಬಿಂದು 100 ಅಲ್ಲ, ಸುಮಾರು 97 ಡಿಗ್ರಿ. ವಡೆಯ ಯಾವ ಭಾಗದಲ್ಲಿ ನೀರು ಇನ್ನೂ ಉಳಿದಿದೆಯೋ ಆ ಭಾಗದ ತಾಪ ಈ ಮಿತಿಯನ್ನು ಹೆಚ್ಚು ದಾಟುವುದಿಲ್ಲ, ಬಂದ ಉಷ್ಣವೆಲ್ಲ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಸುತ್ತಲ ಎಣ್ಣೆ 175 ಡಿಗ್ರಿ ಇದ್ದರೂ ವಡೆಯ ನಡುಭಾಗ ಹಬೆಯಲ್ಲಿ ಬೇಯುತ್ತಿರುತ್ತದೆ. ಕರಿಯುವುದೆಂದರೆ ಹೊರಗೆ ಒಣಗಿಸುವುದು, ಒಳಗೆ ಹಬೆಯಲ್ಲಿ ಬೇಯಿಸುವುದು.

ನೀರು ಪೂರ್ತಿ ಹೋದ ಹೊರಪದರದ ತಾಪ ಮಾತ್ರ ಏರುತ್ತ ಹೋಗುತ್ತದೆ. ಅದು 140 ಡಿಗ್ರಿ ದಾಟಿದ ಮೇಲೆ ಪ್ರೋಟೀನಿನ ಅಮೈನೋ ಆಮ್ಲಗಳೂ ಸಕ್ಕರೆಗಳೂ ವೇಗವಾಗಿ ವರ್ತಿಸಿ ಹೊಂಬಣ್ಣವನ್ನೂ ಘಮವನ್ನೂ ಕೊಡುತ್ತವೆ. 1912ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ ವಿವರಿಸಿದ್ದರಿಂದ ಇದಕ್ಕೆ ಮಯ್ಯಾರ್ ಕ್ರಿಯೆ ಎಂದು ಹೆಸರು. ಬೇಯಿಸಿದ ಬೇಳೆ ಎಷ್ಟು ಕುದಿಸಿದರೂ ಕೆಂಪಾಗುವುದಿಲ್ಲ, ವಡೆ ಕೆಂಪಾಗುತ್ತದೆ. ವ್ಯತ್ಯಾಸ ನೀರಿನದು. ಮುಳಬಾಗಿಲು ದೋಸೆ ಹೆಸರಾಗಿರುವುದೂ ಹೊರಗೆ ಗರಿಗರಿ, ಒಳಗೆ ಮೆದು ಎಂಬ ಗುಣಕ್ಕೆ. ಅಲ್ಲಿ ಕಾವಲಿಗೆ ತಾಗಿದ ಪದರದಿಂದ ನೀರು ಹೋಗಿರುತ್ತದೆ, ಮೇಲಿನ ದಪ್ಪ ಭಾಗದಲ್ಲಿ ಉಳಿದಿರುತ್ತದೆ.

ಒಂದು ವಡೆಗೆ ಎಷ್ಟು ಉಷ್ಣ?

ತಾಪ ಬೇರೆ, ಉಷ್ಣ ಬೇರೆ ಎಂದು ತರಗತಿಯಲ್ಲಿ ಹೇಳುತ್ತೇವೆ. ಅದು ಮನದಟ್ಟಾಗಲು ಬಾಣಲೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದು ಸರಳ ಅಂದಾಜು ಮಾಡೋಣ.

30 ಗ್ರಾಂ ತೂಕದ ಒಂದು ಹಸಿ ಬಿಲ್ಲೆಯಲ್ಲಿ ಸುಮಾರು 17 ಗ್ರಾಂ ನೀರಿದೆ ಎಂದುಕೊಳ್ಳಿ. ಕರಿಯುವಾಗ ಅದರಲ್ಲಿ 7 ಗ್ರಾಂ ಆವಿಯಾಗಲಿ. ನೀರಿನ ಬಾಷ್ಪೀಕರಣದ ಗುಪ್ತೋಷ್ಣ ಪ್ರತಿ ಗ್ರಾಮಿಗೆ ಸುಮಾರು 2.26 ಕಿಲೋಜೂಲ್. ಹಾಗಾಗಿ 7 ಗ್ರಾಮಿಗೆ ಸುಮಾರು 16 ಕಿಲೋಜೂಲ್. ಇಡೀ ಬಿಲ್ಲೆಯನ್ನು ಕೋಣೆಯ ತಾಪದಿಂದ ಕುದಿಬಿಂದುವಿನವರೆಗೆ ಬಿಸಿಮಾಡಲು ಇನ್ನೂ 6 ಕಿಲೋಜೂಲ್ ಬೇಕು. ಒಟ್ಟು 22 ಕಿಲೋಜೂಲ್.

ಈಗ ಬಾಣಲೆಯಲ್ಲಿ ಅರ್ಧ ಲೀಟರ್ ಎಣ್ಣೆ ಇದೆಯೆನ್ನಿ. ಅದರ ತಾಪ ಒಂದು ಡಿಗ್ರಿ ಇಳಿದಾಗ ಸುಮಾರು 1 ಕಿಲೋಜೂಲ್ ಉಷ್ಣ ಹೊರಬರುತ್ತದೆ. ಅಂದರೆ ಒಲೆ ಆರಿಸಿಬಿಟ್ಟರೆ, ಒಂದೇ ಒಂದು ವಡೆಯನ್ನು ಕರಿಯುವಷ್ಟರಲ್ಲಿ ಎಣ್ಣೆಯ ತಾಪ 20 ಡಿಗ್ರಿಗೂ ಹೆಚ್ಚು ಇಳಿಯುತ್ತದೆ! ಐದು ವಡೆ ಹಾಕಿದರೆ 110 ಕಿಲೋಜೂಲ್ ಬೇಕು. ಅದನ್ನು ನಾಲ್ಕು ನಿಮಿಷದಲ್ಲಿ ಒದಗಿಸಲು ಒಲೆಯಿಂದ ಎಣ್ಣೆಗೆ ಸೆಕೆಂಡಿಗೆ ಸುಮಾರು 460 ಜೂಲ್, ಅಂದರೆ 460 ವ್ಯಾಟ್ ಸಾಮರ್ಥ್ಯ ಸೇರಬೇಕು. ಹತ್ತು ವಡೆ ಹಾಕಿದರೆ 900 ವ್ಯಾಟಿಗೂ ಹೆಚ್ಚು. ಇದಲ್ಲದೆ ಬಾಣಲೆಯಿಂದ ಸುತ್ತಲ ಗಾಳಿಗೆ ಉಷ್ಣ ಸೋರಿಕೆ ಬೇರೆ. ಮನೆಯ ಒಲೆಯ ಒಂದು ಉರಿ ಇಷ್ಟನ್ನು ಒದಗಿಸಲು ಏದುಸಿರು ಬಿಡುತ್ತದೆ. ಜೊತೆಗೆ ಮೊದಲ ಒಂದು ನಿಮಿಷದಲ್ಲೇ ಬೇಡಿಕೆ ಅತಿ ಹೆಚ್ಚು, ಏಕೆಂದರೆ ಆಗ ಎಲ್ಲ ವಡೆಗಳ ಮೇಲ್ಮೈಯೂ ಒಟ್ಟಿಗೆ ಕುದಿಯುತ್ತಿರುತ್ತದೆ.

ಬಾಣಲೆ ತುಂಬ ವಡೆ ಹಾಕಬಾರದೆಂಬ ಹಿರಿಯರ ಮಾತಿನ ಹಿಂದಿರುವ ಲೆಕ್ಕ ಇದು. ತಾಪ 140 ಡಿಗ್ರಿಗಿಂತ ಕೆಳಗಿಳಿದರೆ ಹೊರಪದರ ಬೇಗ ಗಟ್ಟಿಯಾಗುವುದಿಲ್ಲ, ತರಿಗಳು ಉದುರುತ್ತವೆ, ಕರಿಯುವ ಕಾಲ ಹೆಚ್ಚುತ್ತದೆ. ಅರ್ಧ ಲೀಟರ್ ಎಣ್ಣೆಗೆ ಒಮ್ಮೆಗೆ ನಾಲ್ಕೈದು ಬಿಲ್ಲೆ ಸಾಕು. ಒಂದು ಸರತಿ ತೆಗೆದ ಮೇಲೆ ಎಣ್ಣೆ ಮತ್ತೆ ಕಾಯಲು ಒಂದು ನಿಮಿಷ ಬಿಡಿ.

ಕಿವಿಯೂ ಒಂದು ಉಪಕರಣ. ಮೊದಲು ಸೊರ್ರೆಂದು ಜೋರಾಗಿ ಬರುವ ಸದ್ದು ಹೊರಬರುತ್ತಿರುವ ಆವಿಯದು. 7 ಗ್ರಾಂ ನೀರಿನಿಂದ ಸುಮಾರು 12 ಲೀಟರ್ ಆವಿ ಹೊರಬರುತ್ತದೆ. ಹೊರಪದರ ದಪ್ಪವಾದಂತೆ ಆವಿ ಕಡಿಮೆಯಾಗಿ ಸದ್ದು ತಗ್ಗುತ್ತದೆ, ಗುಳ್ಳೆಗಳೂ ಕಡಿಮೆಯಾಗುತ್ತವೆ. ಸದ್ದು ತಗ್ಗಿ, ಬಣ್ಣ ಹೊನ್ನಾದಾಗ ತೆಗೆಯಬೇಕು.

ಎಣ್ಣೆ ಒಳಸೇರುವುದು ಯಾವಾಗ?

ವಡೆ ಬಾಣಲೆಯಲ್ಲಿ ತೇಲುತ್ತಿರುವಾಗಲೇ ಎಣ್ಣೆ ಕುಡಿಯುತ್ತದೆ ಎಂದು ನಾವು ಭಾವಿಸುತ್ತೇವೆ. ವಾಸ್ತವ ಬೇರೆ. ಆವಿ ರಭಸದಿಂದ ಹೊರನುಗ್ಗುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ದಾರಿಯಿಲ್ಲ. ಎಣ್ಣೆಯ ಹೆಚ್ಚಿನ ಪಾಲು ಒಳಸೇರುವುದು ವಡೆಯನ್ನು ಹೊರತೆಗೆದ ಮೇಲೆ. ವಡೆ ತಣಿಯುತ್ತಿದ್ದಂತೆ ರಂಧ್ರಗಳಲ್ಲಿನ ಆವಿ ಸಾಂದ್ರೀಕರಿಸಿ ನೀರಾಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ಆಗ ಹೊರಗಿನ ವಾಯುಒತ್ತಡವು ಮೇಲ್ಮೈಗೆ ಅಂಟಿದ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಬಿಸಿನೀರಿನ ಹಬೆ ತುಂಬಿದ ಡಬ್ಬಿಯನ್ನು ಮುಚ್ಚಿ ತಣಿಸಿದಾಗ ಅದು ನಗ್ಗುವ ಪ್ರಯೋಗವನ್ನು ನೆನಪಿಸಿಕೊಳ್ಳಿ. ಇಲ್ಲೂ ನಡೆಯುವುದು ಅದೇ.

ಹಾಗಾದರೆ ಮಾಡಬೇಕಾದ್ದೇನು? ವಡೆಯನ್ನು ತೂತಿನ ಜಾಲರಿಯಲ್ಲಿ ಎತ್ತಿ, ಎಣ್ಣೆಯ ಮೇಲೆಯೇ ಹಿಡಿದು ಚೆನ್ನಾಗಿ ಒದರಿ, ಬಿಸಿಯಿರುವಾಗಲೇ ಹೀರುವ ಕಾಗದ ಅಥವಾ ಬಟ್ಟೆಯ ಮೇಲೆ ಇಟ್ಟು ಮೇಲ್ಮೈ ಎಣ್ಣೆ ತೆಗೆಯಬೇಕು. ತಣಿದ ಮೇಲೆ ಒತ್ತಿದರೆ ಪ್ರಯೋಜನ ಕಡಿಮೆ. ಅಚ್ಚಾದ ದಿನಪತ್ರಿಕೆ ಬೇಡ, ಅದರ ಮಸಿ ಬಿಸಿ ಎಣ್ಣೆಯಲ್ಲಿ ಆಹಾರಕ್ಕೆ ಸೇರುತ್ತದೆ.

ಗರಿಗರಿ ಎಂದರೆ ಗಾಜು

ಒಣಗಿದ ಹೊರಪದರ ಏಕೆ ಸದ್ದು ಮಾಡಿ ಮುರಿಯುತ್ತದೆ? ನೀರಿಲ್ಲದ ಪಿಷ್ಟ ಮತ್ತು ಪ್ರೋಟೀನಿನ ಉದ್ದನೆಯ ಅಣುಗಳು ಕೋಣೆಯ ತಾಪದಲ್ಲಿ ಒಂದರ ಮೇಲೊಂದು ಜಾರಲಾರದೆ ಸಿಕ್ಕಿಕೊಂಡಿರುತ್ತವೆ. ಭೌತವಿಜ್ಞಾನದಲ್ಲಿ ಇದನ್ನು ಗಾಜಿನ ಸ್ಥಿತಿ ಎನ್ನುತ್ತೇವೆ. ಕಿಟಕಿಯ ಗಾಜಿನಂತೆ ಅದು ಬಾಗದೆ ಮುರಿಯುತ್ತದೆ. ನೀರಿನ ಅಣುಗಳು ನಡುವೆ ಸೇರಿದರೆ ಉದ್ದನೆಯ ಅಣುಗಳಿಗೆ ಜಾರಾಟದ ಸ್ವಾತಂತ್ರ್ಯ ಬಂದು ವಸ್ತು ರಬ್ಬರಿನ ಸ್ಥಿತಿಗೆ ಬರುತ್ತದೆ, ಬಾಗುತ್ತದೆ. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವುದೂ ಮುಚ್ಚಿದ ಡಬ್ಬಿಯಲ್ಲಿ ವಡೆ ಮೆತ್ತಗಾಗುವುದೂ ಇದೇ ಬದಲಾವಣೆ. ಆದ್ದರಿಂದ ವಡೆಗಳನ್ನು ಒಂದರ ಮೇಲೊಂದು ಪೇರಿಸದೆ, ಮುಚ್ಚದೆ, ಕೆಳಗಿನಿಂದಲೂ ಗಾಳಿಯಾಡುವ ಜಾಲರಿಯ ಮೇಲೆ ಇಡಬೇಕು. ಮೆತ್ತಗಾದ ವಡೆಯನ್ನು ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಹೊರಪದರದ ನೀರು ಹೋಗಿ ಗರಿಗರಿ ಮರಳುತ್ತದೆ.

ಗರಿಗರಿತನದಲ್ಲಿ ನಾಲಿಗೆಯಷ್ಟೇ ಕಿವಿಗೂ ಪಾಲಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮಾಸ್ಸಿಮಿಲಿಯಾನೊ ಜಂಪೀನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಅವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲೂಗಡ್ಡೆ ಚಿಪ್ಸ್ ಕಚ್ಚುವ ಸದ್ದನ್ನು ತಿನ್ನುವವರಿಗೇ ಹೆಡ್‌ಫೋನಿನಲ್ಲಿ ಕೇಳಿಸಿದರು. ಸದ್ದನ್ನು ಅಥವಾ ಅದರ ಹೆಚ್ಚಿನ ಆವೃತ್ತಿಯ ಭಾಗವನ್ನು ಏರಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ ಎನಿಸಿತು. ಈ ಕೆಲಸಕ್ಕೆ 2008ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಮೀಸಲಾದ ಇಗ್ ನೊಬೆಲ್ ಪುರಸ್ಕಾರ ಬಂತು.

ಸರಳವಾದ ಗೊಜ್ಜು

ಫಲಾಫೆಲ್ ಜೊತೆಗೆ ಅರಬ್ಬರು ಎಳ್ಳನ್ನು ರುಬ್ಬಿ, ನಿಂಬೆರಸ ಬೆರೆಸಿದ ಸಾಸ್ ಬಡಿಸುತ್ತಾರೆ. ಕೋಲಾರದವರಿಗೆ ಟೊಮ್ಯಾಟೊ ಕೈಯಳತೆಯಲ್ಲೇ ಇದೆ. ಕೋಲಾರದ ಎಪಿಎಂಸಿ ಮಾರುಕಟ್ಟೆ ಏಷ್ಯದ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾಗಿದೆ. ಎರಡನ್ನೂ ಕೂಡಿಸೋಣ.

ಟೊಮ್ಯಾಟೊ ತೂಕದಲ್ಲಿ ಶೇಕಡ 94ರಷ್ಟು ನೀರು. 400 ಗ್ರಾಂ ಹಣ್ಣಿನಲ್ಲಿ ಸುಮಾರು 375 ಗ್ರಾಂ ನೀರಿದೆ. ಹಾಗೇ ರುಬ್ಬಿ ಸುರಿದರೆ ಕಷ್ಟಪಟ್ಟು ಒಣಗಿಸಿದ ಹೊರಪದರ ಕ್ಷಣದಲ್ಲಿ ನೆನೆಯುತ್ತದೆ. ಆದ್ದರಿಂದ ಮೊದಲು ಅದರ ನೀರನ್ನು ಕಳೆಯಬೇಕು. ಎರಡು ಚಮಚ ಎಣ್ಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಹೆಚ್ಚಿದ ಟೊಮ್ಯಾಟೊ ಹಾಕಿ, ಅಗಲವಾದ ಪಾತ್ರೆಯಲ್ಲಿ, ಮುಚ್ಚದೆ, ಮೊತ್ತ ಅರ್ಧಕ್ಕಿಳಿಯುವವರೆಗೆ ಬಾಡಿಸಿ. ಅಂಚಿನಲ್ಲಿ ಎಣ್ಣೆ ಬೇರ್ಪಟ್ಟು ಕಾಣುವುದು ನೀರು ಸಾಕಷ್ಟು ಹೋಗಿದೆ ಎಂಬುದರ ಗುರುತು. ತಣಿದ ಮೇಲೆ ಎರಡು ದೊಡ್ಡ ಚಮಚ ಹುರಿದ ಬಿಳಿ ಎಳ್ಳು, ಉಪ್ಪು, ಚೂರು ಬೆಲ್ಲ ಸೇರಿಸಿ ರುಬ್ಬಿ. ಬೇಸಗೆಯಲ್ಲಿ ಶ್ರೀನಿವಾಸಪುರದ ಮಾವಿನಕಾಯಿ ಸಿಗುವಾಗ ಒಂದು ಹಣ್ಣಿನ ಬದಲು ನಾಲ್ಕು ಹೋಳು ಮಾವಿನಕಾಯಿ ಹಾಕಿದರೆ ಹುಳಿ ಚೆನ್ನಾಗಿ ಹೊಂದುತ್ತದೆ.

ಈ ಗೊಜ್ಜನ್ನು ಚಮಚದಲ್ಲಿ ತೆಗೆದಿಟ್ಟರೆ ಗುಡ್ಡೆಯಾಗಿ ನಿಲ್ಲುತ್ತದೆ, ಕಲಕಿದರೆ ಹರಿಯುತ್ತದೆ. ಟೊಮ್ಯಾಟೊ ನಾರು ಮತ್ತು ಎಳ್ಳಿನ ಕಣಗಳ ಸಡಿಲ ಜಾಲವು ಬಲ ಬಿದ್ದಾಗ ಒಡೆದು, ಬಲ ನಿಂತಾಗ ಮತ್ತೆ ಕೂಡಿಕೊಳ್ಳುವುದೇ ಕಾರಣ. ನೀರು, ಎಣ್ಣೆಗಳಂತೆ ಸ್ಥಿರ ಸ್ನಿಗ್ಧತೆ ಇಲ್ಲದ ಇಂಥ ದ್ರವಗಳಿಗೆ ನ್ಯೂಟನೇತರ ದ್ರವಗಳು ಎನ್ನುತ್ತಾರೆ. ವಡೆಯ ಮೇಲೆ ಸುರಿಯಬೇಡಿ, ತಿನ್ನುವಾಗ ಅದ್ದಿಕೊಳ್ಳಿ.

ಮರೆಯಬಾರದ ಸಂಗತಿಗಳು

ಕಾದ ಎಣ್ಣೆ ಮತ್ತು ನೀರಿನ ಸಂಬಂಧ ರುಚಿಯ ವಿಷಯ ಮಾತ್ರವಲ್ಲ, ಜೀವದ ವಿಷಯವೂ ಹೌದು. ಎಣ್ಣೆಗೆ ಬೆಂಕಿ ಹತ್ತಿದರೆ ಎಂದೂ ನೀರು ಹಾಕಬಾರದು. ನೀರು ಎಣ್ಣೆಗಿಂತ ಸಾಂದ್ರವಾದ್ದರಿಂದ ತಳಕ್ಕಿಳಿದು, ಕ್ಷಣದಲ್ಲಿ ಆವಿಯಾಗಿ, 1700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಎಲ್ಲೆಡೆ ಎರಚುತ್ತದೆ. ಒಲೆ ಆರಿಸಿ, ಬಾಣಲೆಯ ಮೇಲೆ ಲೋಹದ ತಟ್ಟೆ ಮುಚ್ಚಿ, ತಣಿಯುವವರೆಗೆ ಹಾಗೇ ಬಿಡಿ. ಗಾಳಿಯಿಲ್ಲದೆ ಬೆಂಕಿ ಆರುತ್ತದೆ. ಒದ್ದೆ ಕೈ, ಒದ್ದೆ ಸೌಟು ಎಣ್ಣೆಯ ಬಳಿ ಬರಬಾರದು.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಸಿದರೆ ವಡೆಯಿಂದ ಬಂದ ನೀರು ಎಣ್ಣೆಯ ಅಣುಗಳನ್ನು ಒಡೆಯುತ್ತದೆ, ಗಾಳಿಯ ಆಕ್ಸಿಜನ್ ಅವನ್ನು ಉತ್ಕರ್ಷಿಸುತ್ತದೆ. ಎಣ್ಣೆ ಕಪ್ಪಾಗಿ, ಜಿಗುಟಾಗಿ, ಬೇಗ ಹೊಗೆಯಾಡುತ್ತದೆ. ಹೀಗೆ ಹುಟ್ಟುವ ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಬಣ್ಣ ಗಾಢವಾದಾಗ, ನೊರೆ ನಿಲ್ಲದಾದಾಗ, ವಾಸನೆ ಕೆಟ್ಟಾಗ ಎಣ್ಣೆಯನ್ನು ಬಿಟ್ಟುಬಿಡುವುದೇ ಸರಿ. ಬಣ್ಣದಲ್ಲೂ ಮಿತಿ ಇರಲಿ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕರಿದ ಮತ್ತು ಸುಟ್ಟ ಪಿಷ್ಟಾಹಾರಗಳಲ್ಲಿ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಇರುವುದನ್ನು ತೋರಿಸಿದರು. ಇದು ಮಯ್ಯಾರ್ ಕ್ರಿಯೆಯ ಜೊತೆಗೇ, 120 ಡಿಗ್ರಿಗೂ ಹೆಚ್ಚಿನ ತಾಪದಲ್ಲಿ ಹುಟ್ಟುತ್ತದೆ. ಹೊಂಬಣ್ಣ ಸಾಕು, ಕಂದು ಕಪ್ಪಾಗುವವರೆಗೆ ಬಿಡಬಾರದು.

ತರಗತಿಗೆ ಒಂದು ಪ್ರಯೋಗ

ಶಿಕ್ಷಕರು ಇದನ್ನು ಪ್ರಯೋಗವಾಗಿ ಮಾಡಿಸಬಹುದು. ಬೇಕಾದ್ದು ಒಂದು ಗ್ರಾಂ ನಿಖರತೆಯ ಅಡುಗೆ ತಕ್ಕಡಿ ಮತ್ತು ಗಡಿಯಾರ. ಕರಿಯುವ ಕೆಲಸವನ್ನು ದೊಡ್ಡವರೇ ಮಾಡಲಿ, ವಿದ್ಯಾರ್ಥಿಗಳು ದೂರದಲ್ಲಿದ್ದು ತೂಗಿ ಬರೆದುಕೊಳ್ಳಲಿ. ಪ್ರಯೋಗಶಾಲೆಯ ಗಾಜಿನ ಉಷ್ಣತಾಮಾಪಕವನ್ನು ಎಣ್ಣೆಯಲ್ಲಿ ಅದ್ದಬೇಡಿ. ಆಲ್ಕೊಹಾಲಿನದಾದರೆ ಈ ತಾಪಕ್ಕೆ ಒಡೆಯಬಹುದು, ಪಾದರಸದ್ದು ಒಡೆದರೆ ವಿಷ. ಅಡುಗೆಗೆಂದೇ ಇರುವ ಲೋಹದ ಕಡ್ಡಿಯ ಮಾಪಕ ಇದ್ದರೆ ಒಳ್ಳೆಯದು.

ಒಂದೇ ತೂಕದ ಹಸಿ ಬಿಲ್ಲೆಗಳನ್ನು ಮೂರು ಗುಂಪು ಮಾಡಿ. ಮೊದಲನೆಯದು ತರಿತರಿ, ನೀರಿಲ್ಲದ್ದು. ಎರಡನೆಯದು ಅದೇ ಹಿಟ್ಟು, ನಾಲ್ಕು ಚಮಚ ನೀರು ಸೇರಿಸಿದ್ದು. ಮೂರನೆಯದು ನುಣ್ಣಗೆ ರುಬ್ಬಿದ್ದು. ಕರಿಯುವ ಮುಂಚೆ, ಕರಿದು ಎಣ್ಣೆ ತೆಗೆದ ಕೂಡಲೆ, ಒಂದು ಗಂಟೆಯ ನಂತರ ತೂಗಿ. ಗಂಟೆಯ ನಂತರದ ವಡೆಗಳಲ್ಲಿ ಅರ್ಧವನ್ನು ಮುಚ್ಚಿದ ಡಬ್ಬಿಯಲ್ಲೂ ಅರ್ಧವನ್ನು ತೆರೆದ ಜಾಲರಿಯ ಮೇಲೂ ಇಟ್ಟು, ಮುರಿಯುವ ಸದ್ದನ್ನು ಹೋಲಿಸಿ. ಒಂದು ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೇ ಬಿಡಿ: ವಡೆ ನೀರನ್ನು ಕಳೆದುಕೊಳ್ಳುತ್ತದೆ, ಎಣ್ಣೆಯನ್ನು ಪಡೆಯುತ್ತದೆ. ಹಾಗಿದ್ದಾಗ ತೂಕದ ಇಳಿಕೆಯನ್ನೇ ಹೋದ ನೀರಿನ ತೂಕ ಎನ್ನಬಹುದೆ? ಎಣ್ಣೆಯ ಬಾಣಲೆಯನ್ನೂ ಮೊದಲು ಮತ್ತು ತಣಿದ ಮೇಲೆ ತೂಗಬೇಕೆಂಬುದು ಅವರಿಗೇ ಹೊಳೆದರೆ ಗುಪ್ತೋಷ್ಣದ ಪಾಠ ಅರ್ಧ ಮುಗಿದಂತೆ.